ಕಾಂಪೌಂಡು ಎದ್ದಿತು, ಸುಗಂಧರಾಜ ಹೂ ನಿಲ್ಲಿಸಿತು

ಕೃಷಿ ಪತ್ರಿಕೆಗೆ ಹೂವಿನ ಗಿಡದ ವಿಷಯ ಬರೆಯುತ್ತೇನೆ ಅಂದಾಗ ನನ್ನ ಮಗ ನಕ್ಕ. ಶೇಂಗಾ ಬಗ್ಗೆ ಬರಿ, ತೊಗರಿ ಬಗ್ಗೆ ಬರಿ, ಬತ್ತಿದ ಬೋರ್‌ವೆಲ್ ಬಗ್ಗೆ ಬರಿ, ಹಿತ್ತಲ ಸುಗಂಧರಾಜದ ಸುದ್ದಿ ಯಾರು ಓದುತ್ತಾರೆ ಅಂದ. ನಾನು ಏಳನೇ ಕ್ಲಾಸಿನವನು, ಅವನು ಡಿಪ್ಲೊಮಾ ಮಾಡಿದವನು. ಆದರೂ ಈ ಒಂದು ವಿಷಯದಲ್ಲಿ ಅವನ ಮಾತು ಕೇಳಲಿಲ್ಲ. ಹೊಲದಲ್ಲಿ ಮೂವತ್ತೈದು ವರ್ಷ ದುಡಿದರೂ ಗೊತ್ತಾಗದ ಸಂಗತಿ ನನಗೆ ಗೊತ್ತಾಗಿದ್ದು ಹಿತ್ತಲ ಎರಡು ಮಾರು ಜಾಗದಲ್ಲಿ. ಅದಕ್ಕೆ ತೆತ್ತ ಬೆಲೆಯೂ ಕಮ್ಮಿಯದಲ್ಲ.

ನಮ್ಮದು ಶಿರಾ ಕಡೆಯ ಊರು. ಕೆಂಪು ಮಣ್ಣು, ಕಲ್ಲು ಜಾಸ್ತಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಒಳ್ಳೇ ವರ್ಷ ಅನ್ನುತ್ತೇವೆ. ಇಂಥ ಕಡೆ ಹೂವಿನ ತೋಟ ಅಂದರೆ ಬಚ್ಚಲ ನೀರು ಎಷ್ಟು ದೂರ ಹರಿಯುತ್ತದೋ ಅಷ್ಟೇ. ಬಚ್ಚಲ ಬಾಯಿಗೆ ಕೆಸ, ಕಾಬಾಳೆ. ಅದರಾಚೆ ಒಂದು ಬಾಳೆ, ಒಂದು ಕರಿಬೇವು. ನೀರು ನಿಲ್ಲದ ಎತ್ತರದ ಅಂಚಿಗೆ ಸುಗಂಧರಾಜ. ಇದು ನಮ್ಮವ್ವ ಮಾಡಿದ ಏರ್ಪಾಡು. ಯಾವ ಗಿಡ ಎಲ್ಲಿರಬೇಕು ಅಂತ ಅವಳು ಯಾರನ್ನೂ ಕೇಳಿ ಮಾಡಿದ್ದಲ್ಲ. ಸುಗಂಧರಾಜಕ್ಕೆ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಕಾಬಾಳೆಗೆ ನಿಂತರೂ ಪರವಾಗಿಲ್ಲ. ಇದು ನನಗೆ ಪುಸ್ತಕದಲ್ಲಿ ಸಿಕ್ಕಿದ್ದು ಆಮೇಲೆ.

ಆ ಸುಗಂಧರಾಜದ ಗಡ್ಡೆಗಳನ್ನ ಅವ್ವ ತವರಿಂದ ಮಡಿಲಲ್ಲಿ ಕಟ್ಟಿಕೊಂಡು ತಂದಿದ್ದು. ನಾನಾಗ ಐದನೇ ಕ್ಲಾಸು, 1978 ಇರಬೇಕು. ಹತ್ತೋ ಹನ್ನೆರಡೋ ಗಡ್ಡೆ. ಒಂಟಿ ಸುತ್ತಿನ ಹೂ, ಬಿಳೀದು. ಸಂಜೆ ದನ ಕಟ್ಟೋ ಹೊತ್ತಿಗೆ ವಾಸನೆ ಏಳುತ್ತಿತ್ತು, ರಾತ್ರಿ ಪಡಸಾಲೆಯಲ್ಲಿ ಮಲಗಿದವರಿಗೂ ಬರುತ್ತಿತ್ತು. ಗೌರಿ ಹಬ್ಬಕ್ಕೆ, ಪಿತೃಪಕ್ಷಕ್ಕೆ, ನವರಾತ್ರಿಗೆ ನಾವು ಹೂ ಕೊಂಡ ನೆನಪೇ ನನಗಿಲ್ಲ.

ಇನ್ನು ಕಳ್ಳತನದ ಮಾತು. ಗಿಡ ಕೇಳಿ ಇಸಕೊಂಡರೆ ಹತ್ತುವುದಿಲ್ಲ, ಕದ್ದು ತಂದರೆ ಚೆನ್ನಾಗಿ ಹತ್ತುತ್ತದೆ ಅನ್ನೋ ನಂಬಿಕೆ ನಮ್ಮ ಕಡೆ ಇದೆ, ನಿಮ್ಮ ಕಡೆಯೂ ಇರಬಹುದು. ನಮ್ಮ ಹಿತ್ತಲಿಗೆ ಆಗ ಇದ್ದದ್ದು ಜಾಲಿ ಮುಳ್ಳಿನ ಬೇಲಿ, ಅದರಲ್ಲಿ ನಾಲ್ಕು ಕಂಡಿ. ಬೀದಿಯ ಹೆಂಗಸರು ಮಜ್ಜಿಗೆಗೆ ಅಂತಲೋ ಬೆಂಕಿಗೆ ಅಂತಲೋ ಬರೋರು, ಹೋಗುವಾಗ ಒಂದು ಬುಡ ಹಿರಿದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೋಗೋರು. ಬೆಳಗಾದರೆ ಅವ್ವ ಬೀದಿಗೆಲ್ಲ ಕೇಳೋ ಹಾಗೆ ಬಯ್ಯೋಳು. ಬಯ್ದು ಸಾಕಾದ ಮೇಲೆ ಆ ಕುಣಿಗೆ ಒಂದು ಮಂಕರಿ ತಿಪ್ಪೆಗೊಬ್ಬರ ಸುರಿದು ಮುಚ್ಚೋಳು. ವರ್ಷಕ್ಕೆ ಐದಾರು ಬುಡ ಹೀಗೆ ಹೋಗುತ್ತಿದ್ದವು. ಅವಳೇನೂ ಕರೆದು ಕೊಟ್ಟವಳಲ್ಲ. ಹೆಣ್ಣುಮಕ್ಕಳಿಗೆ, ಅಂದರೆ ನನ್ನ ಅಕ್ಕಂದಿರಿಗೆ ಬಿಟ್ಟರೆ ಬೇರೆಯವರಿಗೆ ಕೊಟ್ಟದ್ದನ್ನ ನಾನು ನೋಡಿಲ್ಲ.

2010ರಲ್ಲಿ ನಾನು ಹಿತ್ತಲ ಸುತ್ತ ಸಿಮೆಂಟ್ ಇಟ್ಟಿಗೆಯ ಕಾಂಪೌಂಡು ಕಟ್ಟಿಸಿದೆ. ಐದಡಿ ಎತ್ತರ, ಕಬ್ಬಿಣದ ಗೇಟು, ಅದಕ್ಕೊಂದು ಬೀಗ. ಬೇಲಿಗೆ ಪ್ರತಿ ವರ್ಷ ಮುಳ್ಳು ಕಡಿದು ಹಾಕೋ ಕೆಲಸ ತಪ್ಪಿತು ಅಂತ ನನಗೆ ಖುಷಿ. ಅವ್ವನಿಗೂ ಖುಷಿ. ಇನ್ನು ಕಳ್ಳರ ಕಾಟ ಇಲ್ಲ ಅಂದಳು.

ಮೊದಲ ಎರಡು ವರ್ಷ ಹೂ ನೋಡಬೇಕಿತ್ತು. ಮೂರನೇ ವರ್ಷ ಕಮ್ಮಿಯಾಯಿತು. 2014ರಲ್ಲಿ ಎಣಿಸಿ ಏಳು ಕಡ್ಡಿ. 2015ರಲ್ಲಿ ಒಂದೂ ಇಲ್ಲ. ಎಲೆ ಮಾತ್ರ ಮೊಳಕಾಲುದ್ದ ಹುಲ್ಲಿನ ಹಾಗೆ ಒತ್ತೊತ್ತಾಗಿ ಬೆಳೆದು ನಿಂತಿತ್ತು. ನೀರು ಸಾಲದು ಅಂತ ನೀರು ಬಿಟ್ಟೆ. ಎಲೆ ಜಾಸ್ತಿಯಾಯಿತು. ಗೊಬ್ಬರ ಸಾಲದು ಅಂತ ಒಂದು ಹಿಡಿ ಯೂರಿಯಾ ಎರಚಿದೆ. ಎಲೆ ಇನ್ನೂ ಕಪ್ಪಾಗಿ ಸೊಕ್ಕಿತು. ದೃಷ್ಟಿಯಾಗಿದೆ ಅಂತ ನನ್ನ ಹೆಂಡತಿ ಒಂದು ಹಳೇ ಮಡಕೆಗೆ ಸುಣ್ಣದ ಬೊಟ್ಟಿಟ್ಟು ಕಡ್ಡಿಗೆ ಬೋರಲು ಹಾಕಿದಳು. ಕಿತ್ತು ನೋಡೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅವ್ವ ತಂದ ಗಿಡ, ಅದಕ್ಕೆ ಗುದ್ದಲಿ ತಾಗಿಸೋದೇ ತಪ್ಪು ಅನ್ನೋ ಭಾವನೆ ನನ್ನದು. ಅವ್ವ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದಳು. ಶ್ರಾವಣ ಬಂದಾಗಿಂದ ದಿನಾ ಕೇಳೋಳು, ಕಡ್ಡಿ ಬಂತೇನೋ ಅಂತ. ಬರುತ್ತೆ ಇರು ಅಂತಿದ್ದೆ.

2016ರಲ್ಲಿ ಗೌರಿ ಹಬ್ಬ ಕಳೆದು ಹತ್ತು ದಿನಕ್ಕೆ ಅವ್ವ ತೀರಿಕೊಂಡಳು. ಹಿತ್ತಲಲ್ಲಿ ಸುಗಂಧರಾಜ ತುಂಬಿ ನಿಲ್ಲಬೇಕಾದ ಕಾಲ ಅದು. ಹಾರಕ್ಕೆ ಪೇಟೆಗೆ ಹುಡುಗನನ್ನ ಅಟ್ಟಿದೆವು. ಅವನು ತಂದದ್ದೂ ಸುಗಂಧರಾಜದ ಹಾರವೇ. ಎಲ್ಲಿ ಬೆಳೆದದ್ದೋ ಏನೋ, ಬರ್ಫದ ಡಬ್ಬಿಯಲ್ಲಿಟ್ಟಿದ್ದರು, ವಾಸನೆ ಇರಲಿಲ್ಲ. ಮನೆ ಹಿಂದೆ ಎರಡು ಮಾರು ಸುಗಂಧರಾಜದ ಹುಲ್ಲು ಇಟ್ಟುಕೊಂಡು ನಾನು ಹೂ ಕೊಂಡು ಅವಳ ಮೇಲೆ ಹಾಕಿದೆ.

ಮುಂದಿನ ಶಿವರಾತ್ರಿ ಕಳೆದ ಮೇಲೆ, ಸಿಟ್ಟೋ ಬೇಜಾರೋ ಗೊತ್ತಿಲ್ಲ, ಇದನ್ನ ತೆಗೆದು ನುಗ್ಗೆ ಹಾಕೋಣ ಅಂತ ಗುದ್ದಲಿ ಎತ್ತಿದೆ. ಒಂದೇ ಏಟಿಗೆ ಗಡ್ಡೆಗಳು ಹೊರಗೆ ಚೆಲ್ಲಿದವು, ಶೇಂಗಾ ಗಿಡ ಕಿತ್ತಾಗ ಕಾಯಿ ಉದುರೋ ಹಾಗೆ. ಮಣ್ಣಿಗಿಂತ ಗಡ್ಡೆಯೇ ಹೆಚ್ಚು. ಒಂದು ಬುಡ ಬಿಡಿಸಿ ಎಣಿಸಿದೆ, ನಲವತ್ತಮೂರು. ಅಷ್ಟೂ ಬೆಳ್ಳುಳ್ಳಿ ಎಸಳಿನಷ್ಟು ಸಣ್ಣವು, ಒಂದರ ಬೆನ್ನಿಗೆ ಒಂದು ಒತ್ತಿ ಚಪ್ಪಟೆಯಾಗಿದ್ದವು. ನಡುವೆ ಐದಾರು ದೊಡ್ಡ ಗಡ್ಡೆ, ಒಳಗೆ ಟೊಳ್ಳು, ಹಳೇ ಹೂಕಡ್ಡಿಯ ಒಣಗಿದ ಬುಡ ಇನ್ನೂ ಅದರಲ್ಲೇ ಇತ್ತು.

ಅಲ್ಲೇ ಕೂತು ನೋಡಿದಾಗ ನನಗೆ ಬೇಲಿಯ ಕತ್ತಾಳೆ ನೆನಪಾಯಿತು. ಬಯಲುಸೀಮೆಯವರಿಗೆ ಹೇಳಬೇಕಿಲ್ಲ, ಕತ್ತಾಳೆ ಎಷ್ಟೋ ವರ್ಷ ಬೆಳೆದು ಒಂದು ಸಾರಿ ಕಂಬದ ಹಾಗೆ ಹೂ ಎತ್ತುತ್ತದೆ. ಎತ್ತಿದ ಮೇಲೆ ಆ ಗಿಡ ಸತ್ತ ಹಾಗೇ. ಬುಡದ ಸುತ್ತ ಮರಿ ಬಿಟ್ಟು ಹೋಗಿರುತ್ತದೆ, ಮುಂದೆ ಬೆಳೆಯೋದು ಆ ಮರಿ. ಬಾಳೆಯೂ ಹಾಗೇ, ಗೊನೆ ಹಾಕಿದ ದಿಂಡು ಮತ್ತೆ ಗೊನೆ ಹಾಕಲ್ಲ. ಸುಗಂಧರಾಜದ ಗಡ್ಡೆಯದೂ ಅದೇ ಬದುಕು. ಒಂದು ಗಡ್ಡೆ ಒಂದೇ ಸಾರಿ ಕಡ್ಡಿ ಎತ್ತುತ್ತದೆ. ಎತ್ತಿ, ಪಕ್ಕದಲ್ಲಿ ಮರಿ ಬಿಟ್ಟು ತಾನು ಖಾಲಿಯಾಗುತ್ತದೆ. ಮರಿಗೆ ಜಾಗ ಸಿಕ್ಕರೆ ಅದು ದಪ್ಪಗಾಗಿ ಹೂ ಕೊಡುತ್ತದೆ. ಸಿಗದಿದ್ದರೆ ಎಲೆ ಬಿಟ್ಟುಕೊಂಡು ಇನ್ನಷ್ಟು ಮರಿ ಹಾಕುತ್ತದೆ. ಆಮೇಲೆ ತೋಟಗಾರಿಕೆ ಓದಿದ ಒಬ್ಬ ಹುಡುಗ ಹೇಳಿದ, ಸಸ್ಯಶಾಸ್ತ್ರದವರು ಈಗ ಸುಗಂಧರಾಜವನ್ನ ಕತ್ತಾಳೆ ಕುಲಕ್ಕೇ ಸೇರಿಸಿ ಹೆಸರು ಬದಲಾಯಿಸಿದ್ದಾರೆ ಅಂತ. ಎರಡಕ್ಕೂ ತವರು ಮೆಕ್ಸಿಕೋ ದೇಶವಂತೆ. ಹೆಸರು ನೋಡಿದರೆ ನಮ್ಮ ಅರಮನೆಯಲ್ಲೇ ಹುಟ್ಟಿದ ಹಾಗಿದೆ. ನಾವು ಬಿತ್ತೋ ಶೇಂಗಾ ಕೂಡ ದಕ್ಷಿಣ ಅಮೆರಿಕದಿಂದ ಬಂದದ್ದೇ ತಾನೆ.

ರಾಗಿ ಒತ್ತಾಗಿ ಹುಟ್ಟಿದರೆ ಕುಂಟೆ ಹೊಡೆದು ತೆಳುವು ಮಾಡುತ್ತೇವೆ. ಹೊಡೆಯದಿದ್ದರೆ ತೆನೆ ಕಿರುಬೆರಳಷ್ಟು ಆಗುತ್ತದೆ ಅಂತ ಹತ್ತು ವರ್ಷದ ಹುಡುಗನಿಗೂ ಗೊತ್ತು. ಇದೇ ಬುದ್ಧಿ ನನಗೆ ಹಿತ್ತಲಲ್ಲಿ ಯಾಕೆ ಬರಲಿಲ್ಲ? ಹೊಲ ಅಂದರೆ ದುಡಿಮೆ, ಹಿತ್ತಲು ಅಂದರೆ ಹೆಂಗಸರ ಪಾಡು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಇಷ್ಟು ವರ್ಷ ಅಲ್ಲಿ ಕುಂಟೆ ಹೊಡೆಯುತ್ತಿದ್ದವರು ಬೀದಿಯ ಕಳ್ಳಿಯರು. ಅವರು ಹಿರಿದಲ್ಲೆಲ್ಲ ಜಾಗ ಆಗುತ್ತಿತ್ತು, ಅವ್ವ ಬಯ್ದುಕೊಂಡು ಗೊಬ್ಬರ ತುಂಬುತ್ತಿದ್ದಳು, ಪಕ್ಕದ ಮರಿ ದಪ್ಪಗಾಗುತ್ತಿತ್ತು. ಕಾಂಪೌಂಡು ಕಟ್ಟಿ ಆ ಕೆಲಸವನ್ನ ನಿಲ್ಲಿಸಿದವನು ನಾನು. ನಿಲ್ಲಿಸಿದ ಮೇಲೆ ಆ ಕೆಲಸ ನಾನಾದರೂ ಮಾಡಬೇಕಿತ್ತು.

ಗೊತ್ತಾದ ಮೇಲಾದರೂ ಸರಿಯಾಗಿ ಮಾಡಿದೆನಾ, ಅದೂ ಇಲ್ಲ. ನನ್ನ ತಪ್ಪುಗಳನ್ನ ಹೇಳಿಬಿಡುತ್ತೇನೆ, ಬೇರೆಯವರಿಗೆ ಉಪಯೋಗವಾದೀತು. ಮೊದಲನೆಯದು, ಬುಡಗಳನ್ನ ಕೈಯಲ್ಲಿ ಬಿಡಿಸದೆ ಗುದ್ದಲಿಯಲ್ಲಿ ನಾಲ್ಕು ಹೋಳು ಮಾಡಿದೆ, ಎಷ್ಟೋ ಗಡ್ಡೆ ಗಾಯವಾದವು. ಎರಡನೆಯದು, ಒಣಗಿಸಲಿಲ್ಲ, ಅದೇ ವಾರ ಬೇಸಿಗೆಯಲ್ಲೇ ಮತ್ತೆ ನೆಟ್ಟೆ. ಬೇಸಿಗೆ ಅಂತ ಒಂದು ಗೇಣು ಆಳಕ್ಕೆ ಇಟ್ಟೆ, ಕೆಳಗೆ ತಂಪಿರುತ್ತದೆ ಅನ್ನೋ ಲೆಕ್ಕ. ಮೇಲೆ ದಿನಾ ನೀರು. ಕುಣಿಗೆ ಹಸೀ ಸಗಣಿ. ಇಪ್ಪತ್ತು ದಿನಕ್ಕೆ ಎಲೆ ಹಳದಿಯಾಗಿ ಕೈಯಲ್ಲಿ ಎಳೆದರೆ ಬಂದುಬಿಡುತ್ತಿತ್ತು. ಬುಡದಲ್ಲಿ ಬಿಳೀ ನೂಲು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಳಿಗೆ. ಶೇಂಗಾ ಬೆಳೆಯೋರಿಗೆ ಇದರ ಪರಿಚಯ ಇದೆ, ಬುಡಕೊಳೆ. ಅದೇ ಬೂಷ್ಟು ಸುಗಂಧರಾಜಕ್ಕೂ ಬರುತ್ತದೆ. ಮುಕ್ಕಾಲು ಭಾಗ ಹೋಯಿತು. ಸಣ್ಣ ಗಡ್ಡೆಗಳನ್ನ ಆಗಲೇ ತಿಪ್ಪೆಗೆ ಎಸೆದಿದ್ದೆ. ಉಳಿದ ಕಾಲುಭಾಗ 2018ರಲ್ಲಿ ಮಳೆ ಕೈಕೊಟ್ಟಾಗ, ಕುಡಿಯೋ ನೀರಿಗೇ ಟ್ಯಾಂಕರ್ ಕಾಯುತ್ತಿದ್ದ ದಿನಗಳಲ್ಲಿ ಒಣಗಿತು. ಅವ್ವ ತಂದದ್ದು ಹೀಗೆ ನಲವತ್ತು ವರ್ಷಕ್ಕೆ ನನ್ನ ಕೈಯಲ್ಲೇ ಮುಗಿಯಿತು.

ಅಕ್ಕಂದಿರನ್ನ ಕೇಳಿದೆ. ಒಬ್ಬಳು ಮನೆ ಕೆಡವಿ ಕಟ್ಟಿಸುವಾಗ ಹಿತ್ತಲಿಗೆಲ್ಲ ಕಾಂಕ್ರೀಟು ಹಾಕಿಸಿದ್ದಳು. ಇನ್ನೊಬ್ಬಳ ಹತ್ತಿರ ನಮ್ಮದೇ ಕತೆ, ಎಲೆ ಇತ್ತು, ಆಮೇಲೆ ಅದೂ ಹೋಯಿತು. 2019ರಲ್ಲಿ ಒಂದು ನರ್ಸರಿಯಿಂದ, ಯಾವುದು ಅಂತ ಬೇಡ, ಐವತ್ತು ಗಡ್ಡೆ ತಂದೆ. ಹೊಸ ತಳಿ, ಮೂರು ತಿಂಗಳಲ್ಲಿ ಹೂ ಅಂದಿದ್ದರು. ಆ ವರ್ಷ ಬಂದದ್ದು ಎಲೆ. ಸಣ್ಣ ಗಡ್ಡೆ ಕೊಟ್ಟಿದ್ದರು, ನೋಡಿ ತರೋ ಬುದ್ಧಿ ನನಗೂ ಇರಲಿಲ್ಲ. ಮಾರನೇ ವರ್ಷ ಹೂವಾದಾಗ ನೋಡಿದರೆ ಅರ್ಧ ಸುತ್ತಿನ ಹೂ, ಅರ್ಧ ಒಂಟಿ. ಸುತ್ತಿನ ಹೂ ನೋಡೋಕೆ ಚೆಂದ, ಹೂಗುಚ್ಛಕ್ಕೆ ಒಳ್ಳೇದು. ವಾಸನೆಯಲ್ಲಿ, ಹಾರಕ್ಕೆ ಬಿಡಿ ಹೂ ಕೊಡೋದರಲ್ಲಿ ಒಂಟಿಯೇ ಮೇಲು. ತಳಿಗಳ ಮೇಲೆ ನನ್ನ ದೂರಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಶೃಂಗಾರ್, ಪ್ರಜ್ವಲ್ ಅಂತ ಒಂಟಿ ತಳಿ, ಸುವಾಸಿನಿ, ವೈಭವ್ ಅಂತ ಸುತ್ತಿನ ತಳಿ ಕೊಟ್ಟಿದ್ದಾರೆ. ಅವನ್ನ ಮಾರ್ಕೆಟ್ಟಿಗೆ ಬೆಳೆದು ಬದುಕಿದವರು ಬೇಕಾದಷ್ಟು ಜನ. ಆದರೆ ನಾನು ಹುಡುಕುತ್ತಿದ್ದದ್ದು ಮಾರ್ಕೆಟ್ಟಿನ ಹೂ ಅಲ್ಲ.

2020ರ ಗೌರಿ ಹಬ್ಬ. ಕೊರೊನಾ ಕಾಲ, ಸಂತೆ ಇಲ್ಲ, ಹೂವಿನವರು ಊರಿಗೆ ಬಂದಿರಲಿಲ್ಲ. ಕೆಳಗಿನ ಬೀದಿಯ ಒಬ್ಬ ಹೆಂಗಸು ಅರಿಶಿನ ಕುಂಕುಮಕ್ಕೆ ಬಂದಳು, ಮುಡಿಯಲ್ಲಿ ಹೂ, ಕೈಯಲ್ಲೊಂದು ದಂಡೆ. ನಾನು ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದೆ. ವಾಸನೆ ಬಂತು. ಎಲ್ಲಿದಮ್ಮಾ ಹೂ ಅಂದೆ. ಆಯಮ್ಮ ನನ್ನ ಹೆಂಡತಿಯ ಮುಖ ನೋಡಿ ನಕ್ಕಳು. "ನಿಮ್ದೇ ಕಣಣ್ಣಾ. ನಿಮ್ಮವ್ವ ಇದ್ದಾಗ ಕದ್ದಿದ್ದೆ. ಬೈಸ್ಕಂಡಿದ್ದೂ ಆಗೈತೆ."

ಮಾರನೇ ದಿನ ಹೋಗಿ ನೋಡಿದೆ. ಮನೆಗೂ ಚರಂಡಿಗೂ ನಡುವೆ ಮೂರಡಿ ಅಗಲದ ಪಟ್ಟಿ. ಅಷ್ಟರಲ್ಲಿ ಒಂದು ದಾಸವಾಳ, ಒಂದು ತುಳಸಿ, ಎರಡು ಸಾಲು ಸುಗಂಧರಾಜ. ಒಂದೊಂದು ಗಿಡದಲ್ಲೂ ಕಡ್ಡಿ. ಜಾಗ ಇಲ್ಲದಿರೋದರಿಂದ ಆಯಮ್ಮ ವರ್ಷಾ ವರ್ಷಾ ಕೀಳಲೇಬೇಕು. ಶಿವರಾತ್ರಿ ಆದ ಮೇಲೆ ಕಿತ್ತು, ಹಳೇ ಸೀರೆ ತುಂಡಿನಲ್ಲಿ ಸಡಿಲವಾಗಿ ಕಟ್ಟಿ ಮಾಡಿನ ತೀರಿಗೆ ನೇತು ಹಾಕುತ್ತಾಳೆ. ವಾರಕ್ಕೊಮ್ಮೆ ಗಂಟು ಬಿಚ್ಚಿ ಕೈಯಾಡಿಸುತ್ತಾಳೆ. ರೋಹಿಣಿ ಮಳೆಗೆ ನೆಡುತ್ತಾಳೆ. ಹೆಚ್ಚಾದದ್ದು ಮಗಳ ಮನೆಗೆ, ನಾದಿನಿ ಮನೆಗೆ. ಯಾರು ಹೇಳಿಕೊಟ್ಟರು ಅಂದೆ. ಹೇಳಿಕೊಡೋದೇನೈತೆ, ಜಾಗ ಬ್ಯಾಡ್ವಾ ಅಂದಳು.

ಶಿವರಾತ್ರಿ ಕಾದು 2021ರಲ್ಲಿ ಮಂಕರಿ ಹಿಡಿದುಕೊಂಡು ಹೋದೆ. ಆಯಮ್ಮ ಕೊಡಲಿಲ್ಲ. ಕೇಳಿ ಇಸ್ಕಂಡ್ರೆ ಹತ್ತಲ್ಲ ಕಣಣ್ಣಾ, ನಾನು ಕಸ ಗುಡಿಸ್ತಾ ಆ ಕಡೆ ತಿರಿಕ್ಕಂಡಿರ್ತೀನಿ, ನೀನು ಕಿತ್ಕಳಪ್ಪಾ ಅಂದಳು. ಐವತ್ತು ದಾಟಿದ ಗಂಡಸು ನಾನು, ಹಾಡಹಗಲೇ ಅವರ ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತು ನನ್ನ ಅವ್ವನ ಗಡ್ಡೆ ಕದ್ದೆ. ಇಪ್ಪತ್ತೆರಡು ಸಿಕ್ಕವು.

ಈಗ ನಾನು ಮಾಡೋ ಕ್ರಮ ಹೇಳುತ್ತೇನೆ. ಅರ್ಧ ಆಯಮ್ಮನಿಂದ ಕಲಿತದ್ದು, ಅರ್ಧ ಕೈಸುಟ್ಟುಕೊಂಡು ಕಲಿತದ್ದು. ಸಂಕ್ರಾಂತಿ ಕಳೆದ ಮೇಲೆ ನೀರು ಕಮ್ಮಿ ಮಾಡುತ್ತೇನೆ, ಎಲೆ ತಾನಾಗಿ ಹಳದಿಗೆ ತಿರುಗಬೇಕು. ಶಿವರಾತ್ರಿ ಆಸುಪಾಸು ಬುಡದಿಂದ ಒಂದು ಗೇಣು ದೂರ ಹಾರೆ ಇಟ್ಟು ಮೀಟಿ ಇಡೀ ಬುಡ ಎತ್ತುತ್ತೇನೆ. ಗುದ್ದಲಿ ಬೇಡ. ಮಣ್ಣು ಕೊಡವಿ ಕೈಯಲ್ಲಿ ಬಿಡಿಸಿದರೆ ಗಡ್ಡೆಗಳು ತಾವೇ ಬಿಡುತ್ತವೆ. ಮೂರು ಗುಡ್ಡೆ ಮಾಡುತ್ತೇನೆ. ಹೆಬ್ಬೆರಳಿನಷ್ಟು ದಪ್ಪ, ಗಟ್ಟಿ, ತುದಿ ಚೂಪಾಗಿ ಇರೋದು ಒಂದು ಗುಡ್ಡೆ, ಈ ವರ್ಷ ಹೂ ಕೊಡೋದು ಇವೇ. ಸಣ್ಣವು ಇನ್ನೊಂದು ಗುಡ್ಡೆ, ಇವನ್ನ ಬೇರೆ ಮಡಿಯಲ್ಲಿ ನಾಲ್ಕು ಬೆರಳಿಗೊಂದರಂತೆ ಊರಿದರೆ ಒಂದು ವರ್ಷದಲ್ಲಿ ದಪ್ಪಗಾಗುತ್ತವೆ. ಎಸೆಯಬೇಡಿ. ದೊಡ್ಡದು ಸಣ್ಣದು ಒಟ್ಟಿಗೆ ನೆಟ್ಟರೆ ದೊಡ್ಡದು ಸಣ್ಣದನ್ನ ಬೆಳೆಯಗೊಡುವುದಿಲ್ಲ, ಆಮೇಲೆ ಯಾವುದು ಹೂ ಬಿಡಲಿಲ್ಲ ಅಂತ ಲೆಕ್ಕವೂ ಸಿಗಲ್ಲ. ಮೂರನೇ ಗುಡ್ಡೆ ಟೊಳ್ಳು, ಮೆತ್ತಗಿರೋದು, ಗಾಯವಾದದ್ದು. ಟೊಳ್ಳು ತಿಪ್ಪೆಗೆ ಹೋಗಲಿ. ಮೆತ್ತಗೆ ಕೊಳೆತದ್ದು, ಬಿಳೀ ನೂಲು ಕಂಡದ್ದು ಒಲೆಗೇ ಹೋಗಬೇಕು. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ರೋಗ ಹೊಲಕ್ಕೆ ಹೋಗಿ ಶೇಂಗಾದ ಬುಡದಲ್ಲಿ ಕೂರುತ್ತದೆ.

ಬೇರು, ಎಲೆ ಕತ್ತರಿಸಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬೇಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಬೂದಿ ಸವರಿ ಬಿದಿರು ಮಂಕರಿಯಲ್ಲಿ ತೆಳ್ಳಗೆ ಹರಡಿ ಅಟ್ಟದ ಮೇಲಿಟ್ಟು ಆಗಾಗ ತಿರುವಿ ಹಾಕುತ್ತೇನೆ. ಎರಡು ಮೂರು ತಿಂಗಳು ಹೀಗಿದ್ದರೂ ಗಡ್ಡೆಗೆ ಏನೂ ಆಗುವುದಿಲ್ಲ. ವಿಶ್ರಾಂತಿ ಆದ ಗಡ್ಡೆ ಒಟ್ಟಿಗೆ ಮೊಳೆಯುತ್ತದೆ. ನಮ್ಮಂಥ ಮಳೆಯಾಶ್ರಯದವರಿಗೆ ಇದರಲ್ಲೊಂದು ದೊಡ್ಡ ಲಾಭ ಇದೆ. ಫೆಬ್ರವರಿಯಿಂದ ಮೇವರೆಗೆ, ನೀರಿಗೆ ಪರದಾಡೋ ಕಾಲದಲ್ಲಿ, ಈ ಗಿಡ ಅಟ್ಟದ ಮೇಲೆ ಮಲಗಿರುತ್ತದೆ. ಒಂದು ಚೊಂಬು ನೀರು ಕೇಳಲ್ಲ.

ನೆಡೋದು ರೋಹಿಣಿ ಮಳೆ ಬಿದ್ದು ಮಣ್ಣು ಹದವಾದ ಮೇಲೆ. ಗೇಣಿಗೊಂದು. ಆಳ ಮೂರು ಬೆರಳು ಸಾಕು, ಆಳ ಹೋದಷ್ಟೂ ಕಡ್ಡಿ ತಡ. ಪೂರ್ತಿ ಕಳಿತ ಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ನೆಟ್ಟಾಗ ಒಮ್ಮೆ ನೀರು, ಮೊಳಕೆ ಕಾಣೋವರೆಗೆ ಮತ್ತೆ ಬೇಡ. ರೋಹಿಣಿಯಲ್ಲಿ ನೆಟ್ಟದ್ದು ಎಂಬತ್ತು ತೊಂಬತ್ತು ದಿನಕ್ಕೆ, ಗೌರಿ ಹಬ್ಬದ ಆಸುಪಾಸಿಗೆ ಕಡ್ಡಿ ಬಿಡುತ್ತದೆ. ಟೊಮೇಟೊ, ಬದನೆ ಹಾಕಿದ್ದ ಜಾಗದಲ್ಲಿ ನೆಡಬೇಡಿ, ಬೇರುಗಂಟು ಹುಳ ಇರುತ್ತದೆ. ನಾನು ಎರಡು ಮಡಿ ಇಟ್ಟುಕೊಂಡು ಒಂದು ವರ್ಷ ಇದರಲ್ಲಿ ಸುಗಂಧರಾಜ, ಅದರಲ್ಲಿ ಚೆಂಡುಹೂ, ಮುಂದಿನ ವರ್ಷ ಅದಲುಬದಲು ಮಾಡುತ್ತೇನೆ. ಪ್ರತಿ ವರ್ಷ ಕೀಳೋಕೆ ಪುರುಸೊತ್ತಿಲ್ಲದವರು ಮೂರು ವರ್ಷಕ್ಕೆ ಒಮ್ಮೆಯಾದರೂ ಕೀಳಬೇಕು. ಅದಕ್ಕಿಂತ ಮುಂದೆ ತಳ್ಳಿದರೆ ಹುಲ್ಲು.

ಬಚ್ಚಲ ನೀರಿನ ಬಗ್ಗೆ ಒಂದು ಮಾತು. ಅವ್ವನ ಕಾಲಕ್ಕೆ ಅದರಲ್ಲಿ ಸೀಗೆಕಾಯಿ, ಬೂದಿ ಇರುತ್ತಿತ್ತು. ಈಗ ಇರೋದು ಬಟ್ಟೆ ಪುಡಿ. ನಮ್ಮ ಹಿತ್ತಲಲ್ಲಿ ಮಣ್ಣಿನ ಮೇಲೆ ಬಿಳೀ ಪದರ ಕಟ್ಟಿತ್ತು. ಬಟ್ಟೆ ಒಗೆದ ನೀರು ಕಾಬಾಳೆ ಕಡೆಗೆ, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಸುಗಂಧರಾಜಕ್ಕೆ ಅಂತ ನನ್ನ ಹೆಂಡತಿ ಬೇರೆ ಮಾಡಿದ್ದಾಳೆ. ಕಾಬಾಳೆಯೂ ಒತ್ತಾಗುತ್ತದೆ, ಅದನ್ನೂ ಅಗೆದು ಕಣ್ಣಿರೋ ತುಂಡು ಮಾಡಿ ಕೊಡಬಹುದು. ಅದು ಗಟ್ಟಿ ಜೀವ, ಹೇಗೆ ಮಾಡಿದರೂ ಬದುಕುತ್ತದೆ.

ಕಾಶ್ಮೀರದಲ್ಲಿ ಸೈನ್ಯದಲ್ಲಿದ್ದು ಬಂದ ನಮ್ಮ ಊರಿನವರೊಬ್ಬರಿಗೆ ಈ ಕತೆ ಹೇಳಿದಾಗ ಅವರು ಅಲ್ಲಿನ ಐರಿಸ್ ಅನ್ನೋ ಹೂವಿನ ಸುದ್ದಿ ಹೇಳಿದರು. ಕತ್ತಿಯಂಥ ಎಲೆ, ನೇರಳೆ, ಬಿಳೀ ಹೂ. ಅಲ್ಲಿ ಗೋರಿಗಳ ಮೇಲೆ ನೆಡುತ್ತಾರಂತೆ, ಇಡೀ ಸ್ಮಶಾನ ವಸಂತದಲ್ಲಿ ಹೂವಾಗುತ್ತದಂತೆ. ಅದರದು ಶುಂಠಿಯ ಹಾಗೆ ಮಲಗಿದ ಗಡ್ಡೆ. ಅದೂ ಒತ್ತಾದರೆ ಹೂ ಬಿಡೋದು ನಿಲ್ಲಿಸುತ್ತದೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಕಿತ್ತು, ನಡುವಿನ ಹಳೇ ಗಡ್ಡೆ ಬಿಸಾಕಿ, ಅಂಚಿನ ಹೊಸದನ್ನ ಮೇಲ್ಮೈಗೆ ಬಿಸಿಲು ತಾಗೋ ಹಾಗೆ ನೆಡಬೇಕು. ಚಳಿ ದೇಶದ ಗಿಡ, ನಮ್ಮ ಶಿರಾದಲ್ಲಿ ಅದು ಬೇಡದ ಆಸೆ. ಗೋರಿಯ ಮೇಲಿನ ಗಿಡವನ್ನೂ ಕಿತ್ತು ಬಿಡಿಸಿ ನೆಟ್ಟರೇನೇ ಹೂ ಅಂತ ಕೇಳಿ ನನ್ನ ಮನಸ್ಸಿಗೆ ಸ್ವಲ್ಪ ಹಗುರಾಯಿತು. ಅವ್ವನ ಗಿಡಕ್ಕೆ ಹಾರೆ ಹಾಕಬಾರದು ಅನ್ನೋ ನನ್ನ ಭಾವನೆ ಎಂಥಾ ದಡ್ಡತನ ಅಂತಲೂ ಅನ್ನಿಸಿತು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಾಟಿ ಬೀಜ ಉಳಿಸಬೇಕು ಅಂತ ಎಲ್ಲ ಕಡೆ ಮಾತು ನಡೆದಿದೆ, ಬೀಜ ಮೇಳಗಳೂ ಆಗುತ್ತಿವೆ. ಒಳ್ಳೇದೇ. ನಾನೂ ಹೋಗಿದ್ದೇನೆ. ರಾಗಿ, ನವಣೆ, ಸಾಮೆ, ಅವರೆ, ಬದನೆ ಎಲ್ಲ ಪೊಟ್ಟಣ ಕಟ್ಟಿ ಇಟ್ಟಿರುತ್ತಾರೆ. ಪೊಟ್ಟಣದಲ್ಲಿ ಕಟ್ಟಲಾಗದ್ದರ ಗತಿ ಏನು? ರಾಗಿಯನ್ನ ಹಗೇವಿನಲ್ಲಿಟ್ಟರೆ ವರ್ಷಗಟ್ಟಲೆ ಕೂರುತ್ತದೆ. ಸುಗಂಧರಾಜ, ಅರಿಶಿನ, ಕೆಸ, ಸುವರ್ಣಗಡ್ಡೆ, ಮಜ್ಜಿಗೆ ಹುಲ್ಲು, ಇವನ್ನ ಡಬ್ಬಿಯಲ್ಲಿ ಇಟ್ಟು ಉಳಿಸೋಕೆ ಆಗಲ್ಲ. ವರ್ಷ ವರ್ಷ ಮಣ್ಣಿಗೆ ಬೀಳಬೇಕು. ಒಂದೇ ಹಿತ್ತಲಲ್ಲಿ ಇದ್ದರೆ ಒಂದು ಬರ, ಒಂದು ಕೊಳೆ ರೋಗ, ನನ್ನಂಥ ಒಬ್ಬ ದಡ್ಡ ಸಾಕು. ಇವುಗಳಿಗೆ ಬೀಜದ ಬ್ಯಾಂಕು ಅಂದರೆ ಇನ್ನೊಬ್ಬರ ಹಿತ್ತಲು. ಕೊಟ್ಟದ್ದಷ್ಟೇ ಉಳಿತಾಯ. ನನ್ನ ಅವ್ವನ ಗಿಡವನ್ನ ನಾನು ಗೇಟು ಬೀಗ ಹಾಕಿ ಕಾಪಾಡಿ ಕಳೆದೆ. ಕದ್ದವಳು ಮೂರಡಿ ಜಾಗದಲ್ಲಿ ಉಳಿಸಿದಳು.

ಕೊಟ್ಟರೆ ರೋಗವೂ ಹೋಗುತ್ತಲ್ಲ ಅಂತ ಓದಿದವರು ಕೇಳಬಹುದು. ಹೌದು, ಹೋಗುತ್ತದೆ. ಅದಕ್ಕೇ ಆರಿಸಿ, ತೊಳೆದು, ಒಣಗಿಸಿ ಗಟ್ಟಿಯಾದದ್ದನ್ನೇ ಕೊಡಿ. ಮಣ್ಣು ಸಮೇತ ಬುಡ ಕೊಡಬೇಡಿ. ನರ್ಸರಿಯಿಂದ ಬಂದದ್ದಕ್ಕೆ ರೋಗ ಇರಲ್ಲ ಅಂತ ಯಾರಾದರೂ ಬರೆದು ಕೊಟ್ಟಿದ್ದಾರಾ? ಇದರಲ್ಲಿ ದುಡ್ಡೆಷ್ಟು ಉಳಿಯುತ್ತೆ ಅಂತ ನನ್ನ ಮಗ ಕೇಳಿದ. ಶ್ರಾವಣದಿಂದ ನವರಾತ್ರಿವರೆಗೆ ನಮ್ಮ ಮನೆಯಲ್ಲಿ ಹೂವಿಗೆ ಕೊಡುತ್ತಿದ್ದ ದುಡ್ಡು ಒಂದು ಮೂಟೆ ಗೊಬ್ಬರದ ಬೆಲೆಗೆ ಕಮ್ಮಿ ಇರಲಿಲ್ಲ, ಅದು ನಿಂತಿದೆ. ಆದರೆ ಇದು ದುಡ್ಡಿನ ಮಾತಲ್ಲ ಅಂತ ಅವನಿಗೂ ಗೊತ್ತು. ಅವನ ಅಜ್ಜಿಯೂ ಅಲ್ಲವಾ.

ನಮ್ಮ ಕೃಷಿ ಸಭೆಗಳಲ್ಲಿ ಹಿತ್ತಲಿನ ಮಾತು ಬಂದರೆ ಅದನ್ನ ಕೊನೆಗೆ, ಊಟದ ಹೊತ್ತಿಗೆ ತಳ್ಳುತ್ತಾರೆ. ಹೆಂಗಸರನ್ನ ಕರೆದಿದ್ದರೂ ಅಷ್ಟು ಹೊತ್ತಿಗೆ ಅವರು ಎದ್ದು ಹೋಗಿರುತ್ತಾರೆ. ಯಾವ ಗಡ್ಡೆ ಯಾವಾಗ ಕೀಳಬೇಕು, ಯಾರ ಮನೆಯಲ್ಲಿ ಯಾವುದಿದೆ ಅನ್ನೋ ಲೆಕ್ಕ ಇರೋದು ಅವರ ತಲೆಯಲ್ಲಿ. ಸ್ತ್ರೀಶಕ್ತಿ ಸಂಘದ ಹೆಂಗಸರು ವಾರವಾರ ಉಳಿತಾಯದ ದುಡ್ಡಿಗೆ ಸೇರುತ್ತಾರೆ. ಶಿವರಾತ್ರಿ ಆದ ಮೇಲಿನ ಒಂದು ವಾರ ಆ ಸಭೆಗೆ ಒಂದೊಂದು ಮಂಕರಿ ಗಡ್ಡೆಯೂ ಬರಲಿ ಅಂತ ನನ್ನ ಸೂಚನೆ. ನಮ್ಮೂರಲ್ಲಿ ಹೋದ ವರ್ಷ ಹೇಳಿ ನೋಡಿದೆ. ನಾಲ್ಕೇ ಜನ ತಂದರು. ಒಂದು ಮನೆಯಿಂದ ನಾನು ಮೂವತ್ತು ವರ್ಷದಿಂದ ಕಾಣದಿದ್ದ ಕಸ್ತೂರಿ ಅರಿಶಿನ ಬಂತು.

ನನ್ನ ಹಿತ್ತಲ ಗೇಟಿಗೆ ಬೀಗ ಹಾಕೋದು ಬಿಟ್ಟು ಮೂರು ವರ್ಷವಾಯಿತು. ಕಳೆದ ರೋಹಿಣಿಯಲ್ಲಿ ಅರವತ್ತು ಗಡ್ಡೆ ನೆಟ್ಟಿದ್ದೆ. ನವರಾತ್ರಿ ಕಳೆದು ಎಣಿಸಿದರೆ ಐವತ್ತೇಳು. ಮೂರು ಕಡೆ ಕುಣಿ. ಯಾರು ಅಂತ ನನ್ನ ಹೆಂಡತಿಗೆ ಗೊತ್ತಿದೆ, ಹೇಳುತ್ತಿಲ್ಲ. ಕುಣಿಗೆ ಗೊಬ್ಬರ ತುಂಬಿದ್ದೇನೆ.